ಬಾನೆಟ್ ಮೇಲಿನ ಗಾಳಿದ್ವಾರ: ಎಂಜಿನ್ನಿಗೋ, ಅಂದಕ್ಕೋ?

ಕಾರಿನ ಮುಖದಲ್ಲಿ, ಬಾನೆಟ್ ಮೇಲೆ ಮತ್ತು ಪಕ್ಕಗಳಲ್ಲಿ ಕಾಣುವ ಗಾಳಿದ್ವಾರಗಳ ಬಗ್ಗೆ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಸಂಚಿಕೆಯ ಅಂಕಣಕ್ಕೆ ಆರಿಸಿಕೊಂಡಿದ್ದೇವೆ. ಬಿಸಿಲು ಮತ್ತು ಧೂಳು ಎರಡೂ ಹೆಚ್ಚಿರುವ ಈ ಭಾಗದಲ್ಲಿ ಗಾಡಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂಬುದು ಬರಿಯ ಕುತೂಹಲದ ವಿಷಯವಲ್ಲ. ಎಂಜಿನ್ ಎಷ್ಟು ವರ್ಷ ಬಾಳುತ್ತದೆ ಎಂಬುದೂ ಅದನ್ನು ಅವಲಂಬಿಸಿದೆ.

ನಮ್ಮ ಚಿಕ್ಕಪ್ಪನವರ ಹಳೆಯ ಫಾರ್ಚ್ಯೂನರ್ ಗಾಡಿಯ ಬಾನೆಟ್ ಮೇಲೆ ದೊಡ್ಡ ಗಾಳಿದ್ವಾರವಿದೆ. ಅದನ್ನು ನೋಡಿ ನನ್ನ ತಮ್ಮ ತನ್ನ ಪೆಟ್ರೋಲ್ ಕಾರಿಗೂ ಅಂಗಡಿಯಿಂದ ಪ್ಲಾಸ್ಟಿಕ್ ಸ್ಕೂಪ್ ತಂದು ಅಂಟಿಸಿದ್ದಾನೆ. ಅದರ ಕೆಳಗೆ ಬಾನೆಟ್ ಕೊರೆಸಿದರೆ ಪಿಕಪ್ ಹೆಚ್ಚುತ್ತದೆ ಎನ್ನುತ್ತಾನೆ. ಇದು ನಿಜವೇ? (ಬಳ್ಳಾರಿಯ ಓದುಗರು)

ಹೆಚ್ಚುವುದಿಲ್ಲ, ಮತ್ತು ಬಾನೆಟ್ ಕೊರೆಸುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಎರಡೂ ಗಾಡಿಗಳ ಮೇಲೆ ಒಂದೇ ಬಗೆಯ ದ್ವಾರ ಕಂಡರೂ ಅವುಗಳ ಒಳಗಿನ ದಾರಿ ಒಂದೇ ಅಲ್ಲ.

2009ರಲ್ಲಿ ಭಾರತಕ್ಕೆ ಬಂದ ಮೊದಲ ತಲೆಮಾರಿನ ಫಾರ್ಚ್ಯೂನರ್‌ನ 3.0 ಲೀಟರ್ ಡೀಸೆಲ್ ಎಂಜಿನ್ನಿಗೆ ಟರ್ಬೊ ಇದೆ. ಟರ್ಬೊ ಗಾಳಿಯನ್ನು ಒತ್ತಿ ಕಳುಹಿಸುವಾಗ ಆ ಗಾಳಿ 100 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಬಹುದು. ಕಾದ ಗಾಳಿ ಹಿಗ್ಗಿ ತೆಳುವಾಗುವುದರಿಂದ ಸಿಲಿಂಡರಿನೊಳಗೆ ಹೋಗುವ ಆಮ್ಲಜನಕ ಕಡಿಮೆಯಾಗುತ್ತದೆ. ಆದ್ದರಿಂದ ಅದನ್ನು ಇಂಟರ್‌ಕೂಲರ್ ಎಂಬ ರೆಕ್ಕೆಗಳಿರುವ ಪೆಟ್ಟಿಗೆಯ ಮೂಲಕ ಹಾಯಿಸಿ ತಣಿಸುತ್ತಾರೆ. ಈ ಗಾಡಿಯಲ್ಲಿ ಇಂಟರ್‌ಕೂಲರನ್ನು ಎಂಜಿನ್ನಿನ ಮೇಲ್ಭಾಗದಲ್ಲಿಯೇ ಮಲಗಿಸಿ ಕೂರಿಸಿದ್ದು, ಬಾನೆಟ್ ಮೇಲಿನ ದ್ವಾರದಿಂದ ಬರುವ ಗಾಳಿ ಅದರ ರೆಕ್ಕೆಗಳ ನಡುವೆ ಇಳಿದು ಕೆಳಗೆ ಹೊರಟುಹೋಗುತ್ತದೆ. ಸುಬಾರು ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್ ಕಾರಿನ ಹೆಸರುವಾಸಿಯಾದ ಸ್ಕೂಪ್ ಮಾಡುವುದೂ ಇದೇ ಕೆಲಸವನ್ನು. ಅಂದರೆ ಕೆಲಸ ಮಾಡುವ ಸ್ಕೂಪ್ ಇರುವ ಈ ಎರಡು ಗಾಡಿಗಳಲ್ಲಿಯೂ ಸ್ಕೂಪಿನ ಗಾಳಿ ಎಂಜಿನ್ನಿನೊಳಗೆ ಹೋಗುವುದೇ ಇಲ್ಲ; ಎಂಜಿನ್ ಉಸಿರಾಡುವ ಗಾಳಿಯನ್ನು ಅದು ಹೊರಗಿನಿಂದ ತಣಿಸುತ್ತದೆ, ಅಷ್ಟೆ. ನಿಮ್ಮ ತಮ್ಮನವರ ಕಾರಿಗೆ ಟರ್ಬೊ ಇಲ್ಲದಿದ್ದರೆ ಇಂಟರ್‌ಕೂಲರೂ ಇರುವುದಿಲ್ಲ, ಆದ್ದರಿಂದ ಸ್ಕೂಪಿಗೆ ತಣಿಸಲು ಏನೂ ಉಳಿಯುವುದಿಲ್ಲ. ಟರ್ಬೊ ಇದ್ದರೂ ಇಂದಿನ ಸಣ್ಣ ಕಾರುಗಳಲ್ಲಿ ಇಂಟರ್‌ಕೂಲರ್ ಸಾಮಾನ್ಯವಾಗಿ ಮುಂದಿನ ಬಂಪರಿನ ಹಿಂದೆ ಇರುತ್ತದೆ.

ಹಾಗಾದರೆ ಎಂಜಿನ್ ತನ್ನ ಗಾಳಿಯನ್ನು ಎಲ್ಲಿಂದ ಪಡೆಯುತ್ತದೆ? ಸಾಮಾನ್ಯ ಕಾರುಗಳಲ್ಲಿ ಗ್ರಿಲ್‌ನ ಮೇಲಂಚಿನಲ್ಲಿ ಅಥವಾ ಹೆಡ್‌ಲೈಟಿನ ಹಿಂದೆ ಬಾಯಿ ತೆರೆದಿರುವ ಒಂದು ಪ್ಲಾಸ್ಟಿಕ್ ಕೊಳವೆಯಿಂದ. ಹೊರಗೆ ನಿಂತು ನೋಡುವವರಿಗೆ ಅದು ಕಾಣುವುದೇ ಇಲ್ಲ, ಆದರೆ ಅದರ ಕೆಲಸ ಸಣ್ಣದಲ್ಲ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮಿನಷ್ಟಿರುವುದರಿಂದ, ಪ್ರತಿ ಲೀಟರಿಗೆ ಎಂಜಿನ್ ಸುಮಾರು 11 ಕಿಲೋಗ್ರಾಂ, ಅಂದರೆ 9,000 ಲೀಟರಿನಷ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. 1.2 ಲೀಟರ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತ ಪೂರ್ತಿ ಆಕ್ಸಲರೇಟರಿನಲ್ಲಿ ಓಡುವಾಗ ನಿಮಿಷಕ್ಕೆ 1,800 ಲೀಟರಿನವರೆಗೆ ಗಾಳಿ ಸೇದುತ್ತದೆ. ಕಂಪನಿಯವರು ಕೊಟ್ಟಿರುವ ಕೊಳವೆ ಇಷ್ಟನ್ನೂ ಲೆಕ್ಕ ಹಾಕಿಯೇ ಮಾಡಿದ್ದು.

ಮುಂದಿನಿಂದ ನುಗ್ಗುವ ಗಾಳಿ ಎಂಜಿನ್ನಿಗೆ ಒತ್ತಡ ಕೊಡುತ್ತದೆ ಎಂಬ ನಂಬಿಕೆ ಬಲವಾಗಿದೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 460 ಪಾಸ್ಕಲ್. ಇದು ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡದ ಶೇಕಡಾ ಅರ್ಧದಷ್ಟೂ ಆಗುವುದಿಲ್ಲ. ಆದರೆ ಉಷ್ಣತೆಯ ಲೆಕ್ಕ ಬೇರೆ. ಮೇ ತಿಂಗಳಲ್ಲಿ ಬಳ್ಳಾರಿಯ ಹೊರಗಿನ ಗಾಳಿ 42 ಡಿಗ್ರಿ ಇದ್ದು, ಬಾನೆಟ್ಟಿನ ಕೆಳಗಿನ ಗಾಳಿ 70 ಡಿಗ್ರಿಗೆ ಕಾದಿದೆ ಎಂದುಕೊಳ್ಳಿ. ಒಳಗಿನ ಆ ಗಾಳಿಯನ್ನು ಸೇದಿದರೆ ಎಂಜಿನ್ನಿಗೆ ಸಿಗುವ ಗಾಳಿಯ ತೂಕ ಶೇಕಡಾ 8ರಷ್ಟು ಇಳಿಯುತ್ತದೆ. ಜೊತೆಗೆ ಪೆಟ್ರೋಲ್ ಎಂಜಿನ್ನಿನಲ್ಲಿ ನಾಕಿಂಗ್, ಅಂದರೆ ಇಂಧನ ತಾನಾಗಿಯೇ ಸಿಡಿದು ಉರಿಯುವುದನ್ನು ತಪ್ಪಿಸಲು ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುವುದರಿಂದ ಬಲ ಇನ್ನೂ ಕುಗ್ಗುತ್ತದೆ. ಗಾಳಿಕೊಳವೆ ಎಂಜಿನ್ನಿಗೆ ಮಾಡುವ ನಿಜವಾದ ಉಪಕಾರವೆಂದರೆ ಗಾಳಿಯನ್ನು ತಳ್ಳುವುದಲ್ಲ, ಎಂಜಿನ್ನಿನ ಬಿಸಿ ತಾಗದ ಗಾಳಿಯನ್ನು ತಂದುಕೊಡುವುದು. ನಿಮ್ಮ ಕಾರಿನಲ್ಲಿ ಆ ಏರ್ಪಾಡು ಈಗಾಗಲೇ ಇದೆ.

ಬಾನೆಟ್ಟಿನ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನೂ ಗಮನಿಸಬೇಕು. ಬಾನೆಟ್ಟಿನ ಮುಂದಿನ ಅಂಚನ್ನು ದಾಟುವಾಗ ಗಾಳಿ ವೇಗ ಪಡೆದು ಅಲ್ಲಿ ಒತ್ತಡ ಇಳಿಯುತ್ತದೆ. ಮುಂದಿನ ಗಾಜಿನ ಬುಡದಲ್ಲಿ ತಡೆಯಾಗಿ ಒತ್ತಡ ಮತ್ತೆ ಏರುತ್ತದೆ. ಹೀಗಾಗಿ ಅಂದಕ್ಕೆಂದು ಬಾನೆಟ್ಟಿನ ಮುಂಭಾಗದಲ್ಲಿ ಅಂಟಿಸಿದ ತಗ್ಗಾದ ಸ್ಕೂಪ್ ಕೆಳಗೆ ಕೊರೆಸಿದರೂ ಹೆಚ್ಚು ಗಾಳಿ ಹಿಡಿಯುವ ಜಾಗದಲ್ಲಿಲ್ಲ. ಕೊರೆಸಿದ ಬಾನೆಟ್ಟಿಗೆ ಬಿಗಿ ಹೋಗುತ್ತದೆ, ಮಳೆ ನೀರು ನೇರವಾಗಿ ವೈರಿಂಗ್ ಮೇಲೆ ಬೀಳುತ್ತದೆ. ಗಾಡಿಯ ಮೂಲ ವಿವರಗಳಿಗೆ ಭಿನ್ನವಾಗುವಂತಹ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದೂ ನೆನಪಿರಲಿ. ಈಗ ಅಂಟಿಸಿರುವ ಸ್ಕೂಪ್ ನಿಮ್ಮ ತಮ್ಮನವರಿಗೆ ಇಷ್ಟವಾಗಿದ್ದರೆ ಹಾಗೆಯೇ ಇರಲಿ, ಅದರಿಂದ ಎಂಜಿನ್ನಿಗೆ ತೊಂದರೆಯಿಲ್ಲ; ಆದರೆ ಅದು ಭದ್ರವಾಗಿ ಅಂಟಿದೆಯೇ ಎಂದು ಮಾತ್ರ ನೋಡಿಕೊಳ್ಳಲಿ.

ಗಣಿ ಲಾರಿಗಳು ಓಡುವ ರಸ್ತೆಯಲ್ಲಿ ದಿನವೂ ಹೋಗಿಬರುತ್ತೇನೆ. ಗ್ಯಾರೇಜಿನವರು ಕಂಪನಿಯ ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆಗೆದು ಶಂಕುವಿನಾಕಾರದ ತೆರೆದ ಫಿಲ್ಟರ್ ಹಾಕಿಸಿಕೊಳ್ಳಿ, ತೊಳೆದು ತೊಳೆದು ಬಳಸಬಹುದು ಎನ್ನುತ್ತಾರೆ. ಹಾಕಿಸಬಹುದೇ? (ತೋರಣಗಲ್ಲಿನ ಓದುಗರು)

ಸಂಡೂರು, ತೋರಣಗಲ್ಲು, ಕುಡತಿನಿ ಭಾಗದಲ್ಲಿ ಓಡುವ ಗಾಡಿಗೆ ಇದನ್ನು ನಾನು ಖಂಡಿತ ಸೂಚಿಸುವುದಿಲ್ಲ. ತೆರೆದ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಸೇದುತ್ತದೆ. ಅದರ ನಷ್ಟ ಎಷ್ಟೆಂಬುದನ್ನು ಮೇಲಿನ ಉತ್ತರದಲ್ಲಿ ನೋಡಿದಿರಿ. ಆಕ್ಸಲರೇಟರ್ ತುಳಿದಾಗ ಕೇಳಿಸುವ ಜೋರಾದ ಶಬ್ದದಿಂದ ಬಲ ಹೆಚ್ಚಿದಂತೆ ತೋರುತ್ತದೆ. ಕಂಪನಿಯ ಕೊಳವೆಗೆ ಜೋಡಿಸಿರುವ, ಮೇಲ್ನೋಟಕ್ಕೆ ನಿಷ್ಪ್ರಯೋಜಕವಾಗಿ ಕಾಣುವ ಖಾಲಿ ಪ್ಲಾಸ್ಟಿಕ್ ಡಬ್ಬಿ ಆ ಶಬ್ದವನ್ನು ಅಡಗಿಸಲೆಂದೇ ಇರುವಂಥದ್ದು. ಅದನ್ನು ತೆಗೆದರೆ ಸದ್ದು ಹೊರಬರುತ್ತದೆಯೇ ಹೊರತು ಬಲ ಹೆಚ್ಚುವುದಿಲ್ಲ.

ಧೂಳಿನ ವಿಷಯ ಇದಕ್ಕಿಂತ ಗಂಭೀರವಾದದ್ದು. ನಿಮ್ಮ ರಸ್ತೆಯ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರಿನ ಪುಡಿಯೂ ಸ್ಫಟಿಕದಂತಹ ಮರಳಿನ ಕಣಗಳೂ ಬೆರೆತಿರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಹೆಮಟೈಟ್ ಅದಿರು 5.5ರಿಂದ 6.5ರ ನಡುವೆ, ಸ್ಫಟಿಕ 7ರಲ್ಲಿ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಫಿಲ್ಟರ್ ದಾಟಿ ಒಳಗೆ ಹೋದರೆ ಮೊದಲು ಟರ್ಬೊದ ಚಕ್ರದ ಅಂಚನ್ನು, ನಂತರ ಪಿಸ್ಟನ್ ರಿಂಗ್ ಮತ್ತು ಸಿಲಿಂಡರಿನ ಗೋಡೆಯನ್ನು ಉಜ್ಜಿ ಸವೆಸುತ್ತವೆ. ಆಯಿಲ್ ಇಳಿಯತೊಡಗಿ, ಸೈಲೆನ್ಸರಿನಿಂದ ನೀಲಿ ಹೊಗೆ ಬಂದ ಮೇಲೆ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ. ಎಣ್ಣೆ ಸವರಿ ಬಳಸುವ ಫಿಲ್ಟರುಗಳಿಗೆ ಎಣ್ಣೆ ಹೆಚ್ಚಾದರೆ ಅದು ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನ ಮೇಲೆ ಕುಳಿತು ಅದರ ಲೆಕ್ಕವನ್ನೇ ತಪ್ಪಿಸಬಹುದು.

ಕಾಗದದ ಫಿಲ್ಟರನ್ನು ಎರಡು ದಿನಕ್ಕೊಮ್ಮೆ ಬಿಚ್ಚಿ ಬಡಿಯುವ ಅಭ್ಯಾಸವೂ ಒಳ್ಳೆಯದಲ್ಲ. ಮೇಲೆ ತೆಳುವಾಗಿ ಕೂತ ಧೂಳಿನ ಪದರ ಇನ್ನೂ ಸಣ್ಣ ಕಣಗಳನ್ನು ತಡೆಯಲು ನೆರವಾಗುವುದರಿಂದ, ಸ್ವಲ್ಪ ಬಳಸಿದ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಪ್ರತಿ ಸಲ ಬಿಚ್ಚುವಾಗಲೂ ಪೆಟ್ಟಿಗೆಯ ಅಂಚಿನ ಧೂಳು ಶುದ್ಧ ಗಾಳಿಯ ಬದಿಗೆ ಬೀಳುವ ಅಪಾಯವಿದೆ. ಗಾಳಿ ಹೊಡೆಯಲೇಬೇಕೆಂದಿದ್ದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ ಹೊಡೆಸಿ. ಪಂಕ್ಚರ್ ಅಂಗಡಿಯ ಪೂರ್ತಿ ಒತ್ತಡದ ಗಾಳಿಗೆ ಕಾಗದ ಸೀಳಬಹುದು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ. ಧೂಳಿನ ರಸ್ತೆಗಳಿಗಾಗಿ ಕಂಪನಿಯ ಕೈಪಿಡಿಯಲ್ಲಿ ಬೇರೆಯೇ ಅವಧಿ ಕೊಟ್ಟಿರುತ್ತಾರೆ, ನಿಮಗೆ ಅನ್ವಯಿಸುವುದು ಅದೇ. ಫಿಲ್ಟರ್ ಬದಲಿಸುವಾಗ ಅದರಾಚೆಗಿನ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕೆಂಪು ಹತ್ತಿದರೆ ಫಿಲ್ಟರಿನ ರಬ್ಬರ್ ಅಂಚು ಸರಿಯಾಗಿ ಕೂತಿಲ್ಲ, ಕ್ಲಿಪ್ ಮುರಿದಿದೆ ಅಥವಾ ಕೊಳವೆ ಬಿರುಕು ಬಿಟ್ಟಿದೆ ಎಂದರ್ಥ. ಅದನ್ನು ಅದೇ ದಿನ ಸರಿಪಡಿಸಿಕೊಳ್ಳಿ.

ಟ್ರ್ಯಾಕ್ಟರ್ ಮತ್ತು ಲಾರಿಗಳಲ್ಲಿ ಗಾಳಿಯ ಕೊಳವೆ ಅಷ್ಟು ಎತ್ತರದಲ್ಲಿ ಏಕಿರುತ್ತದೆ? (ಸಿಂಧನೂರಿನ ಓದುಗರು)

ಚಕ್ರಗಳು ಎಬ್ಬಿಸುವ ಧೂಳು ನೆಲದ ಹತ್ತಿರ ದಟ್ಟವಾಗಿದ್ದು, ಮೇಲೆ ಹೋದಂತೆ ವಿರಳವಾಗುತ್ತದೆ. ಎತ್ತರದಿಂದ ಗಾಳಿ ತೆಗೆದುಕೊಂಡರೆ ಫಿಲ್ಟರಿನ ಹೊರೆ ಅಷ್ಟು ತಗ್ಗುತ್ತದೆ. ಅನೇಕ ಟ್ರ್ಯಾಕ್ಟರುಗಳ ಕೊಳವೆಯ ತುದಿಯಲ್ಲಿರುವ ಬಟ್ಟಲಿನಾಕಾರದ ಭಾಗ ಗಾಳಿಯನ್ನು ಸುಳಿಯಾಗಿ ತಿರುಗಿಸಿ, ಭಾರವಾದ ಕಣಗಳನ್ನೂ ಹೊಟ್ಟನ್ನೂ ಗೋಡೆಯತ್ತ ಎಸೆದು ಅಲ್ಲಿಯೇ ಉಳಿಸಿಕೊಳ್ಳುತ್ತದೆ. ಭತ್ತದ ಕೊಯ್ಲಿನ ದಿನಗಳಲ್ಲಿ ಆ ಬಟ್ಟಲು ಬೇಗ ತುಂಬುವುದರಿಂದ ದಿನವೂ ಖಾಲಿ ಮಾಡಬೇಕು. ಎಣ್ಣೆಯ ತೊಟ್ಟಿಯಿರುವ ಹಳೆಯ ಮಾದರಿಯ ಫಿಲ್ಟರ್ ಆಗಿದ್ದರೆ ಎಣ್ಣೆಯನ್ನು ಗುರುತಿನ ಗೆರೆಗಿಂತ ಮೇಲೆ ತುಂಬಬೇಡಿ.

ನಾನು ವಾಹನ ವಿನ್ಯಾಸ ಕಲಿಯಬೇಕೆಂದಿರುವ ವಿದ್ಯಾರ್ಥಿ. ಇಂದಿನ ಕಾರುಗಳ ಬಂಪರುಗಳಲ್ಲಿ ಹಿಂದೆ ಮುಚ್ಚಿಯೇ ಇರುವ ಗಾಳಿದ್ವಾರಗಳು ಬಹಳ ಕಾಣುತ್ತವೆ. ಇದು ಮೋಸವಲ್ಲವೇ? ಗಾಳಿದ್ವಾರ ಅಂದವಾಗಿಯೂ ಇದ್ದು ಕೆಲಸವನ್ನೂ ಮಾಡಿದ ಉದಾಹರಣೆಗಳಿವೆಯೇ? (ರಾಯಚೂರಿನ ಓದುಗರು)

ಉದಾಹರಣೆಗಳು ಬೇಕಾದಷ್ಟಿವೆ, ಮತ್ತು ನಿಮ್ಮಂಥವರು ಅವನ್ನು ಹತ್ತಿರದಿಂದ ಅಭ್ಯಾಸ ಮಾಡಬೇಕು. 1971ರಲ್ಲಿ ಜಿನೀವಾದಲ್ಲಿ ತೋರಿಸಿದ ಲ್ಯಾಂಬೋರ್ಗಿನಿ ಕೌಂಟಾಶ್‌ನ ಮೊದಲ ಮಾದರಿಯ ಮೈ ಬಹಳ ನುಣುಪಾಗಿತ್ತು. ಗಾಳಿಗೆಂದು ಇದ್ದದ್ದು ಕಿವಿರುಗಳಂತಹ ಸಣ್ಣ ಸೀಳುಗಳು ಮಾತ್ರ. ಓಡಿಸಿ ಪರೀಕ್ಷಿಸಿದಾಗ ನಡುಭಾಗದ ಎಂಜಿನ್ನಿಗೆ ಅಷ್ಟು ಗಾಳಿ ಸಾಲಲಿಲ್ಲ. 1974ರಲ್ಲಿ ಮಾರಾಟಕ್ಕೆ ಬಂದ ಕಾರಿನ ಭುಜಗಳ ಮೇಲೆ ಪೆಟ್ಟಿಗೆಯಂತಹ ದ್ವಾರಗಳೂ ಪಕ್ಕದ ಬಾಗಿಲುಗಳ ಮೇಲೆ ತ್ರಿಕೋನಾಕಾರದ ತಗ್ಗುಗಳೂ ಬಂದಿದ್ದವು. ಮಾರ್ಚೆಲ್ಲೊ ಗಂಡೀನಿ ರೂಪಿಸಿದ ಆ ಕಾರನ್ನು ಇಂದು ಗುರುತಿಸುವುದೇ ಆ ದ್ವಾರಗಳಿಂದ. ಅಗತ್ಯದಿಂದ ಬಂದ ರೂಪ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತೋರುವುದಿಲ್ಲ.

ಆ ತ್ರಿಕೋನದ ತಗ್ಗಿನ ಹಿನ್ನೆಲೆಯೂ ಸೊಗಸಾದದ್ದು. ಅಮೆರಿಕದ ವಿಮಾನ ಸಂಶೋಧನಾ ಸಮಿತಿಯಾದ ನಾಕಾ 1945ರಲ್ಲಿ ಅದನ್ನು ವಿಮಾನಗಳಿಗಾಗಿ ರೂಪಿಸಿತು. ಈ ಸಮಿತಿಯೇ 1958ರಲ್ಲಿ ನಾಸಾ ಆಯಿತು. ಮೈಯಿಂದ ಹೊರಗೆ ಚಾಚದೆ, ಮುಂದೆ ಕಿರಿದಾಗಿ ಹಿಂದೆ ಅಗಲವಾಗುತ್ತ ಹೋಗುವ ಇಳಿಜಾರು ಅದು. ಅದರ ಬಾಗಿದ ಅಂಚುಗಳು ಎರಡು ಸುಳಿಗಳನ್ನು ಹುಟ್ಟಿಸಿ, ಮೈಗೆ ಅಂಟಿಕೊಂಡು ನಿಧಾನವಾಗಿ ಹರಿಯುವ ಗಾಳಿಯನ್ನು ಬದಿಗೆ ಸರಿಸಿ, ಅದರಾಚೆಯ ವೇಗದ ಗಾಳಿಯನ್ನು ಒಳಗೆಳೆಯುತ್ತವೆ. ಹೊರಚಾಚು ಇಲ್ಲದ್ದರಿಂದ ಗಾಳಿಯ ಎಳೆತ ಅಷ್ಟಾಗಿ ಹೆಚ್ಚುವುದಿಲ್ಲ. 1987ರ ಫೆರಾರಿ ಎಫ್40 ಕಾರಿನ ಮೈಮೇಲೆಲ್ಲ ಇವನ್ನು ಕಾಣಬಹುದು. ಕಿರಿದಾದ ತುದಿ ಗಾಡಿ ಸಾಗುವ ದಿಕ್ಕಿನಲ್ಲಿಯೇ ಇರಬೇಕು. ಸ್ಟಿಕ್ಕರಿನಂತೆ ಮಾರುವ ತಗ್ಗುಗಳನ್ನು ಕೆಲವರು ತಿರುಗಿಸಿ ಅಂಟಿಸಿರುತ್ತಾರೆ, ಅದನ್ನು ಕಂಡಾಗ ಇದನ್ನು ಯಾರಾದರೂ ಒಮ್ಮೆ ಹೇಳಿಕೊಡಬಾರದಿತ್ತೇ ಎಂದು ನನಗೆ ಬೇಸರವಾಗುತ್ತದೆ.

1984ರ ಫೆರಾರಿ ಟೆಸ್ಟರೋಸಾದ ಪಕ್ಕದ ಉದ್ದುದ್ದ ಪಟ್ಟಿಗಳ ಹಿಂದೆಯೂ ಇಂಥದೇ ಕಾರಣವಿದೆ. ಮೂತಿಯಲ್ಲಿದ್ದ ರೇಡಿಯೇಟರನ್ನು ಎರಡು ಮಾಡಿ ಎಂಜಿನ್ನಿನ ಇಕ್ಕೆಲಗಳಿಗೆ ತಂದಾಗ ಪಕ್ಕಗಳಲ್ಲಿ ವಿಶಾಲವಾದ ಬಾಯಿಗಳು ಬೇಕಾದವು. ಅಷ್ಟು ದೊಡ್ಡ ಬಾಯಿಯನ್ನು ತೆರೆದೇ ಬಿಡಲು ಕೆಲವು ದೇಶಗಳ ನಿಯಮಗಳು ಒಪ್ಪದಿದ್ದುದರಿಂದ ಅಡ್ಡಪಟ್ಟಿಗಳು ಬಂದವು, ಅವೇ ಆ ಕಾಲದ ಗುರುತಾದವು. ಅಷ್ಟು ದೂರ ಹೋಗುವುದೇ ಬೇಡವೆಂದರೆ, ಎಂಜಿನ್ ಹಿಂದಿದ್ದ ಟಾಟಾ ನ್ಯಾನೊವನ್ನೇ ನೋಡಿ. ಹಿಂದಿನ ಚಕ್ರದ ಮುಂಭಾಗದಲ್ಲಿ ಅದರ ಮೈಮೇಲೆ ಗಾಳಿದ್ವಾರವಿದೆ.

ಮುಚ್ಚಿದ ದ್ವಾರಗಳ ಬಗ್ಗೆ ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ, ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಒಂದೇ ಬಂಪರಿನ ಅಚ್ಚಿನಲ್ಲಿ ದುಬಾರಿ ಟರ್ಬೊ ಮಾದರಿಯನ್ನೂ ಅಗ್ಗದ ಮಾದರಿಯನ್ನೂ ತಯಾರಿಸುವಾಗ, ಒಂದಕ್ಕೆ ಬೇಕಾದ ದ್ವಾರ ಇನ್ನೊಂದಕ್ಕೆ ಬೇಡವಾಗುತ್ತದೆ. ಅಲ್ಲಿ ಮುಚ್ಚುವುದೇ ಸರಿಯಾದ ನಿರ್ಧಾರ. ಬೇಡದ ಗಾಳಿಯನ್ನು ಒಳಬಿಟ್ಟರೆ ಅದು ಎಂಜಿನ್ ಕೋಣೆಯಲ್ಲಿ ಸುತ್ತಿ ಗಾಡಿಯನ್ನು ಹಿಂದಕ್ಕೆಳೆಯುತ್ತದೆ, ಇಂಧನವೂ ಹೆಚ್ಚು ಬೇಕಾಗುತ್ತದೆ. ಬೇಡದ ಹೊತ್ತಿನಲ್ಲಿ ತಾನಾಗಿಯೇ ಮುಚ್ಚಿಕೊಳ್ಳುವ ಗ್ರಿಲ್ ಪಟ್ಟಿಗಳನ್ನು ಈಗ ಅನೇಕ ಕಾರುಗಳಿಗೆ ಕೊಡುತ್ತಿರುವುದು ಈ ಕಾರಣಕ್ಕೇ. ವಿದ್ಯುತ್ ಕಾರುಗಳಲ್ಲಿ ಮೇಲಿನ ಗ್ರಿಲ್ ಪೂರ್ತಿ ಮುಚ್ಚಿದ್ದರೂ ಬ್ಯಾಟರಿ ಮತ್ತು ಎಸಿಯನ್ನು ತಣಿಸಲು ಬಂಪರಿನ ಕೆಳಗೆ ದ್ವಾರ ಇದ್ದೇ ಇರುತ್ತದೆ. ನಾನು ಒಪ್ಪದಿರುವುದು, ಯಾವ ಮಾದರಿಯಲ್ಲಿಯೂ ಎಂದೂ ತೆರೆಯದ, ಬರಿಯ ಕಪ್ಪು ಪ್ಲಾಸ್ಟಿಕ್ ಜಾಲರಿಯಿಂದ ಬಲಶಾಲಿಯೆಂದು ತೋರಿಸಿಕೊಳ್ಳುವ ದ್ವಾರವನ್ನು. ಕಲಿಯುವಾಗ ಪ್ರತಿಯೊಂದು ದ್ವಾರದ ಮುಂದೆ ಕುಳಿತು, ಇಲ್ಲಿ ಹೋದ ಗಾಳಿ ಯಾವುದನ್ನು ತಣಿಸುತ್ತದೆ, ಆಮೇಲೆ ಎಲ್ಲಿಂದ ಹೊರಬರುತ್ತದೆ ಎಂದು ಗೆರೆ ಎಳೆದು ನೋಡಿ. ಹೊರಹೋಗುವ ದಾರಿಯಿಲ್ಲದಿದ್ದರೆ ಒಳಬರುವ ಬಾಯಿ ಎಷ್ಟು ದೊಡ್ಡದಾಗಿದ್ದರೂ ಗಾಳಿ ಹರಿಯುವುದಿಲ್ಲ.

ಟ್ಯಾಕ್ಸಿ ಓಡಿಸುತ್ತೇನೆ. ಸಣ್ಣ ಅಪಘಾತದ ನಂತರ ಬಂಪರ್ ಬದಲಿಸಿದಾಗಿನಿಂದ ಗಾಡಿ ನಿಂತಾಗ ಎಸಿ ತಣ್ಣಗಾಗುವುದಿಲ್ಲ, ಓಡುವಾಗ ಸರಿಯಿರುತ್ತದೆ. ಗ್ಯಾಸ್ ಸರಿಯಾಗಿದೆ ಎನ್ನುತ್ತಾರೆ. (ಕೊಪ್ಪಳದ ಓದುಗರು)

ರೇಡಿಯೇಟರಿನ ಇಕ್ಕೆಲಗಳಲ್ಲಿಯೂ ಮೇಲೂ ತೆಳುವಾದ ಪ್ಲಾಸ್ಟಿಕ್ ಹಾಳೆಗಳು ಅಥವಾ ಸ್ಪಂಜಿನ ಪಟ್ಟಿಗಳು ಇರುತ್ತವೆ. ಬಂಪರ್ ಕೆಲಸ ಮಾಡುವವರು ಇವನ್ನು ಮರಳಿ ಹಾಕದೆ ಬಿಟ್ಟಿರುವ ಸಾಧ್ಯತೆ ಹೆಚ್ಚು. ಅವಿಲ್ಲದಿದ್ದರೆ ಗಾಡಿ ನಿಂತಾಗ ಫ್ಯಾನ್ ಹೊರಗಿನ ಗಾಳಿಯ ಬದಲು ಎಂಜಿನ್ ಕೋಣೆಯ ಬಿಸಿ ಗಾಳಿಯನ್ನೇ ಪಕ್ಕದಿಂದ ಸುತ್ತಿಸಿ ಮತ್ತೆ ಎಸಿ ಕಂಡೆನ್ಸರಿಗೆ ತರುತ್ತದೆ. ಮೊದಲು ಅದನ್ನು ನೋಡಿಸಿ, ಜೊತೆಗೆ ಫ್ಯಾನ್ ಎರಡೂ ವೇಗಗಳಲ್ಲಿ ತಿರುಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ಗ್ರಿಲ್ ಮುಂದೆ ದೊಡ್ಡ ಫಲಕವನ್ನೋ ಹೆಚ್ಚುವರಿ ದೀಪಗಳನ್ನೋ ಕಟ್ಟಿದ್ದರೆ ತೆಗೆಯಿರಿ.

ಮಳೆಗಾಲದಲ್ಲಿ ನಮ್ಮೂರಿನ ದಾರಿಯ ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುತ್ತದೆ. ಜೀಪಿಗೆ ಸ್ನಾರ್ಕೆಲ್ ಹಾಕಿಸಿದರೆ ಧೈರ್ಯವಾಗಿ ದಾಟಬಹುದೇ? (ಗಂಗಾವತಿ ತಾಲ್ಲೂಕಿನ ಓದುಗರು)

ಸ್ನಾರ್ಕೆಲ್ ಎಂದರೆ ಎಂಜಿನ್ನಿನ ಗಾಳಿಯ ಬಾಯಿಯನ್ನು ಛಾವಣಿಯ ಎತ್ತರಕ್ಕೆ ಒಯ್ಯುವ ಕೊಳವೆ. ಫೋರ್ಸ್ ಗುರ್ಖಾ ಗಾಡಿಗೆ ಅದು ಕಂಪನಿಯಿಂದಲೇ ಬರುತ್ತದೆ. ಎಂಜಿನ್ ನೀರು ಕುಡಿಯದಂತೆ ಅದು ಕಾಪಾಡಬಲ್ಲದು, ಆದರೆ ಫಿಲ್ಟರ್ ಪೆಟ್ಟಿಗೆಯವರೆಗಿನ ಪ್ರತಿಯೊಂದು ಜೋಡಣೆಯೂ ನೀರು ಸೋರದಂತೆ ಇರಬೇಕು. ಪೆಟ್ಟಿಗೆಯ ತಳದ ನೀರು ಹೋಗುವ ರಂಧ್ರಕ್ಕೂ ತಕ್ಕ ವ್ಯವಸ್ಥೆಯಾಗಿರಬೇಕು. ಅಂದಕ್ಕೆ ಮಾತ್ರ ಕೂರಿಸಿ ಒಳಗೆ ಜೋಡಿಸದ ಸ್ನಾರ್ಕೆಲ್ಲುಗಳೂ ಮಾರಾಟವಾಗುತ್ತವೆ, ಅವನ್ನು ನಂಬಿ ನೀರಿಗಿಳಿಯುವುದು ಅಪಾಯಕಾರಿ. ನಿಮ್ಮದು ಒಳಗೆ ಜೋಡಿಸಿದ್ದೋ ಅಲ್ಲವೋ ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗ ಅದರ ಮೇಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ನೋಡಿ. ಸರಿಯಾಗಿ ಜೋಡಿಸಿದ್ದರೆ ಎಂಜಿನ್ ಕೂಡಲೇ ಉಸಿರುಕಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಗಾಳಿ ಬೇರೆಲ್ಲಿಂದಲೋ ಒಳಗೆ ಹೋಗುತ್ತಿದೆ, ನೀರೂ ಅಲ್ಲಿಂದಲೇ ಹೋಗುತ್ತದೆ.

ಆದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ದಾಟಬೇಡಿ ಎಂಬುದೇ. ಹರಿಯುವ ಹಳ್ಳದಲ್ಲಿ ಅಪಾಯವಿರುವುದು ಎಂಜಿನ್ನಿಗಿಂತ ಮೊದಲು ಒಳಗಿರುವ ಜನರಿಗೆ. ನೀರು ತುಸು ಏರಿದರೂ ಗಾಡಿಯ ಭಾರ ಚಕ್ರಗಳ ಮೇಲೆ ಕಡಿಮೆಯಾಗಿ ಹರಿವಿನ ರಭಸ ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಅದಕ್ಕೆ ಯಾವ ಸ್ನಾರ್ಕೆಲ್ಲೂ ಅಡ್ಡಬರುವುದಿಲ್ಲ. ನಿಂತ ನೀರಿನಲ್ಲಿ ಸಾಗುತ್ತಿರುವಾಗ ಎಂಜಿನ್ ತಟ್ಟನೆ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಪ್ರಯತ್ನಿಸಬೇಡಿ. ನೀರನ್ನು ಗಾಳಿಯಂತೆ ಕುಗ್ಗಿಸಲು ಆಗುವುದಿಲ್ಲವಾದ್ದರಿಂದ, ಸಿಲಿಂಡರಿನಲ್ಲಿ ನೀರಿದ್ದಾಗ ಸ್ಟಾರ್ಟರ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಗಾಡಿಯನ್ನು ಎಳೆಸಿ ಹೊರತಂದು, ಏರ್ ಫಿಲ್ಟರ್ ಒದ್ದೆಯಾಗಿದೆಯೇ ಎಂದು ಮೊದಲು ನೋಡಿಸಿ. ಒದ್ದೆಯಾಗಿದ್ದರೆ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್, ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರನ್ನು ಪೂರ್ತಿ ಹೊರಹಾಕಿದ ಮೇಲೆಯೇ ಎಂಜಿನ್ ತಿರುಗಿಸಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಬೇಕು.